ಸಂಸದರ ಕುರ್ಚಿ ಖಾಲಿಯಾದ್ರೆ ಏನು ಮಾಡಬೇಕು? ಮತ್ತೆ ಚುನಾವಣೆನಾ, ಬೇರೆ ದಾರಿ ಇದೆಯಾ?

ಕೌಲ್‌ಬಜಾರ್ ಕಟ್ಟೆ

ಬಳ್ಳಾರಿಯವರಿಗೆ ಈ ಪ್ರಶ್ನೆ ಹೊಸದಲ್ಲ. 2018ರ ಮೇ ತಿಂಗಳಲ್ಲಿ ಶ್ರೀರಾಮುಲು ಮೊಳಕಾಲ್ಮೂರಿನಿಂದ ಶಾಸಕರಾಗಿ ಗೆದ್ದರು, ಲೋಕಸಭೆಗೆ ರಾಜೀನಾಮೆ ಕೊಟ್ಟರು. ನವೆಂಬರ್ 3ಕ್ಕೆ ಉಪಚುನಾವಣೆ ಆಯಿತು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. ಮುಂದಿನ ಏಪ್ರಿಲ್ 23ಕ್ಕೆ ನಾವು ಮತ್ತೆ ಮತಗಟ್ಟೆ ಮುಂದೆ ಸಾಲು ನಿಂತಿದ್ವಿ. ಉಗ್ರಪ್ಪನವರಿಗೆ ಸಿಕ್ಕಿದ್ದು ಒಂದು ಚಳಿಗಾಲದ ಅಧಿವೇಶನ, ಒಂದು ಮಧ್ಯಂತರ ಬಜೆಟ್ ಅಧಿವೇಶನ. ಅಷ್ಟೇ.

ಇಷ್ಟಕ್ಕೆ ಎಂಟು ವಿಧಾನಸಭಾ ಕ್ಷೇತ್ರದ ತುಂಬ ಮತಗಟ್ಟೆ ಹಾಕಬೇಕಾ? ಮಂತ್ರಿಗಳೆಲ್ಲ ಇಲ್ಲೇ ಠಿಕಾಣಿ ಹೂಡಬೇಕಾ?

ಜರ್ಮನಿಯಲ್ಲಿ ಸಂಸದರ ಜಾಗ ಖಾಲಿಯಾದರೆ ಉಪಚುನಾವಣೆ ಮಾಡೋದಿಲ್ಲ. ಚುನಾವಣೆಗೆ ಮುಂಚೆ ಪಕ್ಷ ಕೊಟ್ಟ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೋ ಅವರು ಬಂದು ಕೂರುತ್ತಾರೆ. ಫ್ರಾನ್ಸಿನಲ್ಲಿ ಇನ್ನೊಂದು ತರಹ. ಅಭ್ಯರ್ಥಿ ಜೊತೆಗೆ ಒಬ್ಬ ಬದಲಿ ಅಭ್ಯರ್ಥಿಯ ಹೆಸರೂ ಮತಪತ್ರದಲ್ಲೇ ಇರುತ್ತದೆ. ಗೆದ್ದವರು ತೀರಿಕೊಂಡರೆ, ಇಲ್ಲ ಮಂತ್ರಿಯಾದರೆ, ಬದಲಿಯವರು ಒಳಗೆ ಹೋಗುತ್ತಾರೆ. ನಮಗೂ ಇಂಥದ್ದೇ ಒಂದು ಏರ್ಪಾಡು ಸಾಕಲ್ವಾ?

ಮಸ್ಕಿ ಕಡೆಯವ

ಅಣ್ಣ, ನಿಮಗೆ ಚುನಾವಣೆ ಜಾಸ್ತಿಯಾಯ್ತು ಅಂತ ಬೇಜಾರು. ನಮಗೆ ಚುನಾವಣೆನೇ ಬರಲಿಲ್ಲ ಅಂತ ಬೇಜಾರು. ನಮ್ಮದು ವಿಧಾನಸಭೆ ಕಥೆ. ಆದರೆ ಉಪಚುನಾವಣೆಯ ಕಾನೂನು ಎರಡಕ್ಕೂ ಒಂದೇ, ಅದಕ್ಕೇ ಹೇಳ್ತಿದ್ದೇನೆ.

2018ರಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ಸಿನಿಂದ ಗೆದ್ದದ್ದು ಬರೀ 213 ಮತದಿಂದ. 2019ರ ಜುಲೈನಲ್ಲಿ ಅನರ್ಹರಾದರು. ಡಿಸೆಂಬರ್ 5ಕ್ಕೆ ರಾಜ್ಯದ 15 ಕಡೆ ಉಪಚುನಾವಣೆ ನಡೆಯಿತು, ಹೊಸಪೇಟೆಯಲ್ಲೂ ಆಯ್ತು. ಮಸ್ಕಿ ಮತ್ತು ಆರ್.ಆರ್. ನಗರ ಮಾತ್ರ ಹೈಕೋರ್ಟಿನಲ್ಲಿದ್ದ ಚುನಾವಣಾ ತಕರಾರಿಗೆ ನಿಂತುಹೋದವು. ನಮಗೆ ಮತದಾನ ಬಂದಿದ್ದು 2021ರ ಏಪ್ರಿಲ್ 17ಕ್ಕೆ. ಹತ್ತಿರ ಹತ್ತಿರ ಒಂದು ವರ್ಷ ಒಂಬತ್ತು ತಿಂಗಳು ಶಾಸಕರೇ ಇಲ್ಲ.

ಆ ಹೊತ್ತಲ್ಲೇ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಧರಣಿ ಕೂತಿದ್ದರು. ಅಧಿಕಾರಿಗಳು ಬಂದರು, ಮನವಿ ಪತ್ರ ಇಸ್ಕೊಂಡು ಹೋದರು. ಸದನದಲ್ಲಿ ಎದ್ದು ನಿಂತು ‘ನನ್ನ ಕ್ಷೇತ್ರದ ಕಾಲುವೆ ಏನಾಯ್ತು’ ಅಂತ ಕೇಳೋಕೆ ಮಸ್ಕಿಯವರು ಒಬ್ಬರೂ ಇರಲಿಲ್ಲ. ದಿನಾಂಕ ಘೋಷಣೆ ಆದಮೇಲೆ ನೋಡಬೇಕಿತ್ತು, ಎಲ್ಲ ಪಕ್ಷದವರಿಗೂ ಕಾಲುವೆ ನೆನಪಾಯ್ತು!

ಉಪಚುನಾವಣೆ ಬೇಡ ಅನ್ನಬೇಡಿ. ಬೇಗ ಮಾಡಿ ಅನ್ನಿ.

ಕಪ್ಪುಕೋಟು ರಾಯಚೂರು

ಕಾನೂನು ಏನಿದೆ ಅಂತ ಒಮ್ಮೆ ನೋಡಿಬಿಡೋಣ, ಆಮೇಲೆ ಜಗಳ ಆಡೋಣ.

ಜನಪ್ರತಿನಿಧಿ ಕಾಯ್ದೆ 1951ಕ್ಕೆ 1996ರಲ್ಲಿ 151ಎ ಅನ್ನೋ ಕಲಂ ಸೇರಿಸಿದರು. ಸ್ಥಾನ ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಮಾಡಬೇಕು. ಎರಡು ವಿನಾಯಿತಿ ಇವೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಇಲ್ಲವೇ, ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಚುನಾವಣಾ ಆಯೋಗ ‘ಈ ಅವಧಿಯಲ್ಲಿ ಕಷ್ಟ’ ಅಂತ ಪ್ರಮಾಣೀಕರಿಸಿದರೆ ಬೇಡ.

ಬಳ್ಳಾರಿಗೆ 2018ರಲ್ಲಿ ಯಾಕೆ ಚುನಾವಣೆ ಬಂತು ಗೊತ್ತಾ? ಬಳ್ಳಾರಿ, ಶಿವಮೊಗ್ಗ, ಮಂಡ್ಯ ಮೂರೂ ಮೇ ತಿಂಗಳಲ್ಲಿ ಖಾಲಿಯಾದವು. ಲೋಕಸಭೆ ಅವಧಿ 2019ರ ಜೂನ್ 3ರವರೆಗೆ ಇತ್ತು. ಅಂದರೆ ಒಂದು ವರ್ಷದ ಮೇಲೆ ಕೆಲವೇ ದಿನ. ಆಂಧ್ರದ ಐದು ಸ್ಥಾನ ಖಾಲಿಯಾದದ್ದು ಜೂನ್ 20ಕ್ಕೆ. ಒಂದು ವರ್ಷಕ್ಕೆ ಕೆಲವೇ ದಿನ ಕಡಿಮೆ. ಅವರಿಗೆ ಚುನಾವಣೆ ಇಲ್ಲ! ಗುಂತಕಲ್ಲಿನ ಆ ಕಡೆ ಒಂದು ನ್ಯಾಯ, ಈ ಕಡೆ ಒಂದು ನ್ಯಾಯ ಅಂತ ಆಗ ಜನ ಮಾತಾಡಿದ್ದು ಸುಮ್ನೆ ಅಲ್ಲ.

ಎರಡನೇ ವಿನಾಯಿತಿ ಇನ್ನೂ ಅಪಾಯದ್ದು. ಪುಣೆ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ಕ್ಕೆ ತೀರಿಕೊಂಡರು. ಅವಧಿ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು. ಲೋಕಸಭೆ ಚುನಾವಣೆಯ ತಯಾರಿ ಇದೆ ಅಂತ ಆಯೋಗ ಕೈ ಚೆಲ್ಲಿತು. ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ‘ತಕ್ಷಣ ಚುನಾವಣೆ ಮಾಡಿ’ ಅಂದಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಷ್ಟು ದೊಡ್ಡ ಊರಿಗೆ ಒಂದು ವರ್ಷಕ್ಕೂ ಮೇಲೆ ಸಂಸದರಿಲ್ಲ. ಚುನಾವಣೆ ಮಾಡಿಸೋದೇ ಕೆಲಸವಾಗಿರೋ ಸಂಸ್ಥೆ ‘ಚುನಾವಣೆ ಕೆಲಸ ಇದೆ, ಅದಕ್ಕೆ ಚುನಾವಣೆ ಆಗಲ್ಲ’ ಅಂದರೆ ಏನು ಹೇಳೋದು.

ಮಸ್ಕಿಯದು ಬೇರೆ. ಸೋತವರು ಕೋರ್ಟಿಗೆ ಹೋಗಿ ‘ನನ್ನನ್ನೇ ಗೆದ್ದವನು ಅಂತ ಘೋಷಿಸಿ’ ಅಂತ ಕೇಳಿದ್ದರೆ, ಅದು ತೀರ್ಮಾನ ಆಗೋವರೆಗೂ ಉಪಚುನಾವಣೆ ಕಾಯಬೇಕು. ಇದು ಸುಪ್ರೀಂ ಕೋರ್ಟ್ ಒಪ್ಪಿದ ಮಾತು. ನ್ಯಾಯ ಸರಿಯೇ. ಅರ್ಜಿ ವಿಚಾರಣೆ ತೆವಳುತ್ತೆ, ಅದೇ ಕಷ್ಟ.

ಕುಷ್ಟಗಿ ಹುಡುಗ

ಸರ್, ಎರಡನೇ ಸ್ಥಾನ ಬಂದವರನ್ನೇ ಕೂರಿಸಿಬಿಟ್ಟರೆ? ಖರ್ಚೂ ಇಲ್ಲ, ಕಾಯೋದೂ ಇಲ್ಲ.

ಕಪ್ಪುಕೋಟು ರಾಯಚೂರು

ತಮ್ಮಾ, ಗೆದ್ದವರ ಪ್ರಾಣಕ್ಕೆ ಯಾರು ಹೊಣೆ?

ಸೀಮೆಸುಣ್ಣ

ನಾನು ಶಾಲೆ ಟೀಚರ್. 2018ರ ಮೇ, ನವೆಂಬರ್, 2019ರ ಏಪ್ರಿಲ್, ಮೂರಕ್ಕೂ ಡ್ಯೂಟಿ ಬಿದ್ದಿತ್ತು. ಚುನಾವಣೆ ಅಂದರೆ ಏನು ಅಂತ ಇಲ್ಲಿ ಬರೆಯೋರಿಗೆ ಸ್ವಲ್ಪ ಹೇಳ್ತೀನಿ.

ಹಿಂದಿನ ದಿನ ಮಸ್ಟರಿಂಗ್. ಬಿಸಿಲಲ್ಲಿ ಶಾಮಿಯಾನದ ಕೆಳಗೆ ಕೂತು ಯಂತ್ರ, ವಿವಿಪ್ಯಾಟ್, ಅರಗು, ಶಾಯಿ, ಕವರುಗಳ ಕಂತೆ ಎಲ್ಲ ಎಣಿಸಿಕೊಳ್ಳಬೇಕು. ಬಸ್ಸು ಸಂಜೆ ಹಳ್ಳಿ ಶಾಲೆ ಮುಂದೆ ಇಳಿಸುತ್ತೆ. ಬೆಂಚು ಜೋಡಿಸಿ ಅದರ ಮೇಲೆ ಮಲಗೋದು. ಬೆಳಗಿನ ಜಾವ ಎದ್ದು ಏಜೆಂಟರ ಮುಂದೆ ಅಣಕು ಮತದಾನ, ಕಡಿಮೆ ಅಂದ್ರೂ 50 ಮತ ಒತ್ತಿ, ಲೆಕ್ಕ ತಾಳೆ ಹಾಕಿ, ಅಳಿಸಿ, ಸೀಲ್ ಮಾಡಿ, ಆಮೇಲೆ ನಿಜವಾದ ಮತದಾನ. ಸಂಜೆ ಬಿದ್ದ ಮತದ ಲೆಕ್ಕ ಬರೆಯೋ 17ಸಿ ನಮೂನೆ ತುಂಬಿ ಎಲ್ಲ ಏಜೆಂಟರಿಗೂ ಪ್ರತಿ ಕೊಡೋ ಹೊತ್ತಿಗೆ ಕೈ ಬಿದ್ದುಹೋಗಿರುತ್ತೆ. ವಾಪಸ್ ತಂದು ಯಂತ್ರ ಒಪ್ಪಿಸುವಾಗ ಒಂದು ಕವರ್ ಕಡಿಮೆ ಬಂದರೂ ಅಲ್ಲೇ ನಿಲ್ಲಬೇಕು.

ನವೆಂಬರ್‌ನಲ್ಲಿ ಒಬ್ಬ ಅಜ್ಜಿ ಶಾಯಿ ಹಾಕಿಸಿಕೊಳ್ಳುತ್ತಾ ‘ಮೊನ್ನೆ ತಾನೇ ಹಾಕಿದ್ನೆಲ್ಲವ್ವಾ, ಅದೇನು ಲೆಕ್ಕಕ್ಕೆ ಬರಲಿಲ್ಲೇನು’ ಅಂದರು. ಆ ಎಂ.ಎಲ್.ಎ. ಬೇರೆ, ಈ ಎಂ.ಪಿ. ಬೇರೆ ಅಂತ ಹೇಳಿದೆ. ‘ಇಬ್ರೂ ಒಬ್ರೇ ಅಲ್ಲೇನು’ ಅಂದುಬಿಟ್ಟರು. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ ನೋಡಿ.

ಇಷ್ಟಾದರೂ ಪಕ್ಷ ನೇಮಿಸಲಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಸುರಪುರ ನೋಡಿ. ಅದು ಯಾದಗಿರಿ ಜಿಲ್ಲೆ, ಆದರೆ ರಾಯಚೂರು ಲೋಕಸಭೆಗೆ ಸೇರಿದ್ದು. 2024ರ ಫೆಬ್ರವರಿಯಲ್ಲಿ ಶಾಸಕರು ತೀರಿಕೊಂಡರು. ಮೇ 7ಕ್ಕೆ ಲೋಕಸಭೆ ಜೊತೆಗೇ ಉಪಚುನಾವಣೆ ಮಾಡಿ ಮುಗಿಸಿದರು. ಒಂದೇ ಸಾಲು, ಎರಡು ಮತ. ಹೀಗೆ ಜೋಡಿಸೋಕೆ ಬಂದಾಗೆಲ್ಲ ಜೋಡಿಸಿ.

ಕೌಲ್‌ಬಜಾರ್ ಕಟ್ಟೆ

ಟೀಚರ್, ಜೋಡಿಸೋಕೆ ಕಾಯುತ್ತಾ ಕೂತರೆ ಕುರ್ಚಿ ಖಾಲಿನೇ ಇರುತ್ತಲ್ಲ. ಅದರ ಬೆಲೆ ಏನು ಅಂತ ನಮಗೆ ಗೊತ್ತು. 2018ರ ಜುಲೈ 20ಕ್ಕೆ ಕೇಂದ್ರ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಪರವಾಗಿ 126, ವಿರುದ್ಧ 325. ಫಲಿತಾಂಶ ಬದಲಾಗುತ್ತಿರಲಿಲ್ಲ, ಸರಿ. ಆದರೆ ಆ ದಿನ ಬಳ್ಳಾರಿ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಶಿವಮೊಗ್ಗ, ಮಂಡ್ಯಕ್ಕೂ ಅದೇ ಗತಿ. ಜರ್ಮನಿ ಪದ್ಧತಿ ಇದ್ದಿದ್ದರೆ ಬೇಗನೇ ಯಾರೋ ಒಬ್ಬರು ಆ ಜಾಗದಲ್ಲಿ ಇರುತ್ತಿದ್ದರು.

ನಮ್ಮ ಸಂಬಂಧಿಕರೊಬ್ಬರ ಹೃದಯದ ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿಗೆ ಸಂಸದರ ಪತ್ರ ಬೇಕು ಅಂತ ಅದೇ ಸಮಯದಲ್ಲಿ ಓಡಾಡಿದ್ದೆ. ಒಂದು ಕಚೇರಿಯವರು ಇನ್ನೊಂದು ಕಡೆ ಹೋಗಿ ಅಂದರು, ಅಲ್ಲಿಯವರು ಇದು ನಮ್ಮ ಕ್ಷೇತ್ರ ಅಲ್ಲ ಅಂದರು. ಕೊನೆಗೆ ಸಾಲ ಮಾಡಿ ಆಪರೇಷನ್ ಮಾಡಿಸಿದರು.

ದೇವದುರ್ಗದ ಮಗಳು

ಪಕ್ಷಕ್ಕೆ ಬಿಟ್ಟುಕೊಟ್ಟರೆ ಏನಾಗುತ್ತೆ ಅಂತ ನಾನು ಹೇಳ್ತೀನಿ, ಕೇಳಿ ಅಣ್ಣ.

2015ರ ಆಗಸ್ಟಿನಲ್ಲಿ ನಮ್ಮ ಶಾಸಕ ವೆಂಕಟೇಶ ನಾಯಕರು ರೈಲು ಅಪಘಾತದಲ್ಲಿ ತೀರಿಹೋದರು. ಪೆನುಕೊಂಡ ಹತ್ತಿರ ಗ್ರಾನೈಟ್ ಲಾರಿ ರೈಲಿಗೆ ಬಡಿದ ಘಟನೆ ಅದು. ಊರಿಗೆ ಊರೇ ಅತ್ತಿತ್ತು. ಕಾಂಗ್ರೆಸ್ ಅವರ ಮಗನಿಗೆ ಟಿಕೆಟ್ ಕೊಟ್ಟಿತು. ಅನುಕಂಪದ ಅಲೆ, ಗೆದ್ದಾಯ್ತು ಅಂತಲೇ ಎಲ್ಲರ ಲೆಕ್ಕ. 2016ರ ಫೆಬ್ರವರಿಯಲ್ಲಿ ಮತದಾನ ಆಯ್ತು. ಗೆದ್ದದ್ದು ಬಿಜೆಪಿಯ ಶಿವನಗೌಡ ನಾಯಕ.

ಪಕ್ಷವೇ ನೇಮಿಸೋ ಪದ್ಧತಿ ಇದ್ದಿದ್ದರೆ ಮಗ ಶಾಸಕ. ಜನ ಏನಂತಾರೆ ಅಂತ ಕೇಳೋ ಪ್ರಮೇಯವೇ ಇರುತ್ತಿರಲಿಲ್ಲ. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಮನೆಯವರಿಗೆ ಟಿಕೆಟ್ ಕೊಟ್ಟು ಗೆದ್ದ ಕಡೆಯೂ ಇದೆ. ಸಂಡೂರಿನಲ್ಲಿ ಇ. ತುಕಾರಾಂ ಸಂಸದರಾದ ಮೇಲೆ ಅವರ ಹೆಂಡತಿ ಅನ್ನಪೂರ್ಣ ನಿಂತು 9,649 ಮತದಿಂದ ಗೆದ್ದರು. ಬೆಳಗಾವಿಯಲ್ಲಿ ಸುರೇಶ ಅಂಗಡಿಯವರ ಹೆಂಡತಿ ಮಂಗಳಾ ಅಂಗಡಿ 5,240 ಮತದಿಂದ ದಡ ಸೇರಿದರು. ಗೆಲ್ಲಲಿ, ಬೇಡ ಅನ್ನಲ್ಲ. ಜನರನ್ನ ಕೇಳಿ ಗೆಲ್ಲಲಿ.

ಮಸ್ಕಿ ಅಣ್ಣ ಪೂರ್ತಿ ಹೇಳಲಿಲ್ಲ. 213 ಮತದಿಂದ ಸೋತಿದ್ದ ಬಸನಗೌಡ ತುರ್ವಿಹಾಳ ಅವರೇ ಪಕ್ಷ ಬದಲಿಸಿ ನಿಂತು 30,606 ಮತದಿಂದ ಗೆದ್ದರು. ಪಕ್ಷ ಬದಲಿಸಿದ್ದು ಇಬ್ಬರೂ! ಜನ ಸಿಟ್ಟಾಗಿದ್ದು ಗೆದ್ದ ಮೇಲೆ ಬಿಟ್ಟುಹೋದವರ ಮೇಲೆ.

ಹಗರಿ ದಂಡೆ

ಹುಡುಗರು 2018ರಿಂದ ಶುರು ಮಾಡಿದ್ದೀರಿ. ನಾನು 1999ರಿಂದ ಶುರು ಮಾಡ್ತೀನಿ.

ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಗೆ ಬಂದರು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದ್ದು ಇವತ್ತಿಗೂ ಜನ ನೆನೆಸ್ತಾರೆ. ದಿಲ್ಲಿ ಪತ್ರಕರ್ತರೆಲ್ಲ ಇಲ್ಲೇ. ಸೋನಿಯಾ 56 ಸಾವಿರ ಮತದಿಂದ ಗೆದ್ದರು. ಅಮೇಠಿಯಲ್ಲೂ ಗೆದ್ದರು. ಅಮೇಠಿ ಇಟ್ಕೊಂಡು ಬಳ್ಳಾರಿ ಬಿಟ್ಟರು. 2000ದಲ್ಲಿ ಉಪಚುನಾವಣೆ ಆಗಿ ಕೋಳೂರು ಬಸವನಗೌಡರು ಸಂಸದರಾದರು. ಆಗ ಬಂದ ಪತ್ರಕರ್ತರು ಎಷ್ಟು ಜನ ಅಂತ ಕೇಳಬೇಡಿ.

ಅದಕ್ಕೇ ಹೇಳೋದು, ಕುರ್ಚಿ ಯಾಕೆ ಖಾಲಿಯಾಯ್ತು ಅಂತ ಮೊದಲು ನೋಡಿ. ಸತ್ತವರು ಬೇಕಂತ ಸತ್ತಿಲ್ಲ. ಎರಡು ಕಡೆ ನಿಂತು ಒಂದು ಬಿಡೋರು, ದಿಲ್ಲಿ ಬಿಟ್ಟು ಬೆಂಗಳೂರಿಗೆ ಬರೋರು, ಬೆಂಗಳೂರು ಬಿಟ್ಟು ದಿಲ್ಲಿಗೆ ಹೋಗೋರು, ಇವರು ಬೇಕಂತಲೇ ಖಾಲಿ ಮಾಡಿದವರು. ಎರಡಕ್ಕೂ ಒಂದೇ ಮದ್ದು ಹೇಗಾಗುತ್ತೆ? ಬಳ್ಳಾರಿಯಲ್ಲಿ ಲೋಕಸಭೆ ಸ್ಥಾನ ಎರಡು ಸಲ ಖಾಲಿಯಾದದ್ದೂ ಸಾವಿನಿಂದಲ್ಲ, ರಾಜೀನಾಮೆಯಿಂದ.

ಕಪ್ಪುಕೋಟು ರಾಯಚೂರು

ಅಜ್ಜಾರ ಮಾತು ನೂರಕ್ಕೆ ನೂರು. ನಾನೂ ಇದನ್ನೇ ಹೇಳಬೇಕು ಅಂತಿದ್ದೆ.

1996ರಿಂದ ಒಬ್ಬರು ಎರಡೇ ಕ್ಷೇತ್ರದಲ್ಲಿ ನಿಲ್ಲಬಹುದು. ಅದಕ್ಕೂ ಮುಂಚೆ ಮಿತಿಯೇ ಇರಲಿಲ್ಲ. 2004ರಲ್ಲಿ ಚುನಾವಣಾ ಆಯೋಗ ಒಂದು ಸಲಹೆ ಕೊಟ್ಟಿತ್ತು. ಒಬ್ಬರಿಗೆ ಒಂದೇ ಕ್ಷೇತ್ರ ಅಂತ ಮಾಡಿ. ಆಗದಿದ್ದರೆ, ಎರಡೂ ಗೆದ್ದು ಒಂದು ಬಿಡೋರು ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ಕಟ್ಟಲಿ. 2015ರಲ್ಲಿ ಕಾನೂನು ಆಯೋಗವೂ ಒಂದೇ ಕ್ಷೇತ್ರ ಸಾಕು ಅಂದಿತು. 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರೆ, ‘ಅದು ಸಂಸತ್ತು ತೀರ್ಮಾನ ಮಾಡೋ ವಿಷಯ’ ಅಂತ ಅರ್ಜಿ ವಜಾ ಆಯ್ತು. ಎರಡು ಕಡೆ ನಿಲ್ಲೋರೇ ಸಂಸತ್ತಿನಲ್ಲಿ ಕೂತಿರೋದು, ಇನ್ನು ಯಾರು ತೀರ್ಮಾನ ಮಾಡ್ತಾರೆ ಹೇಳಿ.

ಶಾಸಕರು ಸಂಸದರಾದರೆ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು, ಇಲ್ಲದಿದ್ದರೆ ಸಂಸತ್ತಿನ ಸ್ಥಾನವೇ ಹೋಗುತ್ತೆ. ಇದು 1950ರಿಂದ ಇರೋ ನಿಯಮ. ಬಿಡೋಕೆ ಗಡುವು ಇಷ್ಟು ಬಿಗಿ, ತುಂಬೋಕೆ ಇಷ್ಟು ಸಡಿಲ.

ಕುಷ್ಟಗಿ ಹುಡುಗ

10 ಲಕ್ಷ ಅಂದರೆ ನಮ್ಮ ಕಡೆ ಒಂದು ಸಮಾವೇಶದ ಊಟದ ಖರ್ಚು ಸರ್. ಇನ್ನೆರಡು ಸೊನ್ನೆ ಸೇರಿಸಿ.

ಗಂಗಾವತಿ ಅಕ್ಕಿ

ಬೇಗ ಬೇಗ ಅಂತ ಎಲ್ಲರೂ ಹೇಳ್ತಿದ್ದೀರಿ. ನಮ್ಮೂರ ಕಥೆ ಕೇಳಿ. 2025ರ ಮೇ 6ಕ್ಕೆ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ಕೋರ್ಟ್ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು. ಶಾಸಕ ಸ್ಥಾನ ಹೋಯ್ತು. ರೈಸ್ ಮಿಲ್ಲಿನಲ್ಲಿ ಹಮಾಲರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಮುಂದಿನ ಅಭ್ಯರ್ಥಿ ಯಾರು ಅಂತ ಶುರು ಮಾಡಿದ್ದರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ತೀರ್ಪನ್ನ ಅಮಾನತ್ತಿನಲ್ಲಿಟ್ಟಿತು. ಸ್ಥಾನ ವಾಪಸ್ ಬಂತು. ನಡುವೆ ಚುನಾವಣೆ ಮುಗಿಸಿಬಿಟ್ಟಿದ್ದರೆ ಒಂದು ಕುರ್ಚಿಗೆ ಇಬ್ಬರು ಆಗ್ತಿದ್ದರು.

ಲಕ್ಷದ್ವೀಪದಲ್ಲಿ 2023ರಲ್ಲಿ ಹೀಗೇ ಆಗೋದರಲ್ಲಿತ್ತು. ಸಂಸದರು ಅನರ್ಹರಾದ ಕೆಲವೇ ದಿನಕ್ಕೆ ಆಯೋಗ ಉಪಚುನಾವಣೆ ಘೋಷಿಸಿತು. ಕೇರಳ ಹೈಕೋರ್ಟ್ ಸಂಸದರ ಶಿಕ್ಷೆಗೆ ತಡೆ ಕೊಟ್ಟ ಮೇಲೆ ಆಯೋಗ ಹಿಂದೆ ಸರಿಯಿತು. ವಯನಾಡಿನಲ್ಲಿ ಅವಸರ ಮಾಡಲಿಲ್ಲ. ಮಾರ್ಚ್‌ನಲ್ಲಿ ಅನರ್ಹರಾದ ರಾಹುಲ್ ಗಾಂಧಿ ಆಗಸ್ಟಿನಲ್ಲಿ ಮರಳಿದರು. ಯಾರ ಪರ, ಯಾರ ವಿರೋಧ ಅಂತ ಅಲ್ಲ. ಕೋರ್ಟಿನಿಂದ ಖಾಲಿಯಾದ ಕುರ್ಚಿಗೆ ಮೇಲ್ಮನವಿಗೆ ಸ್ವಲ್ಪ ಕಾಲಾವಕಾಶ ಬೇಕು. ರಾಜೀನಾಮೆಗೆ ಅದು ಬೇಡ. ಅಲ್ಲಿ ಅವಸರ ಮಾಡಿದರೂ ಯಾರಿಗೂ ಅನ್ಯಾಯ ಆಗಲ್ಲ.

ಸೀಮೆಸುಣ್ಣ

ಜನರ ಮತ ಇಲ್ಲದೇ ತುಂಬೋ ಪದ್ಧತಿ ನಮ್ಮಲ್ಲೇ ಇದೆಯಲ್ಲ, ಅದನ್ನ ಯಾರೂ ಹೇಳಲಿಲ್ಲ. ರಾಜ್ಯಸಭೆ.

ರಾಯಚೂರಿನ ಅಶೋಕ ಗಸ್ತಿಯವರು 2020ರ ಜೂನ್‌ನಲ್ಲಿ ರಾಜ್ಯಸಭೆಗೆ ಆಯ್ಕೆಯಾದಾಗ ಈ ಕಡೆ ಎಷ್ಟು ಖುಷಿ ಇತ್ತು! ಸವಿತಾ ಸಮಾಜದವರು, ಪಕ್ಷದಲ್ಲಿ ಕೆಳಗಿನಿಂದ ದುಡಿದು ಬಂದವರು. ಸೆಪ್ಟೆಂಬರ್ 17ಕ್ಕೆ ಕೊರೊನಾದಿಂದ ಹೋಗಿಬಿಟ್ಟರು. ಒಂದು ದಿನವೂ ಕಲಾಪದಲ್ಲಿ ಕೂರೋಕೆ ಆಗಲಿಲ್ಲ. ಅವರ ಜಾಗಕ್ಕೆ ನವೆಂಬರ್‌ನಲ್ಲೇ ಮಂಗಳೂರಿನ ಕೆ. ನಾರಾಯಣ್ ಅವಿರೋಧ ಆಯ್ಕೆಯಾದರು. ಅವರೂ ಹಿಂದುಳಿದ ಸಮುದಾಯದವರೇ, ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಕುರ್ಚಿ ರಾಯಚೂರಿನಿಂದ ಕರಾವಳಿಗೆ ಹೋಯ್ತು. ಯಾರೂ ನಮ್ಮನ್ನ ಕೇಳಲಿಲ್ಲ, ಕೇಳಬೇಕಾದ ನಿಯಮವೂ ಇಲ್ಲ. ಮತ ಹಾಕೋದು ಶಾಸಕರು, ಹೆಸರು ಹೇಳೋದು ಪಕ್ಷ.

ಬೇಗ ಆಗುತ್ತೆ, ಖರ್ಚಿಲ್ಲ, ಗಲಾಟೆ ಇಲ್ಲ. ಕಟ್ಟೆ ಅಣ್ಣ ಕೇಳ್ತಿರೋದು ಇದೇ. ಲೋಕಸಭೆಗೂ ಇದೇ ಬಂದರೆ ನಮ್ಮ ಭಾಗದ ಕುರ್ಚಿ ಎಲ್ಲಿಗೆ ಹೋಗುತ್ತೋ ಏನೋ.

ಕೌಲ್‌ಬಜಾರ್ ಕಟ್ಟೆ

ಟೀಚರ್ ಮಾತಿಗೆ ಎದುರಾಡೋದು ಕಷ್ಟ. ಸರಿ, ಜರ್ಮನಿ ಬಿಟ್ಟುಬಿಡ್ತೀನಿ. ಆದರೆ ಫ್ರಾನ್ಸ್ ಬಿಡಲ್ಲ. ಅಲ್ಲಿ ಬದಲಿಯವರ ಹೆಸರು ನೋಡಿಯೇ ಜನ ಮತ ಹಾಕಿರುತ್ತಾರೆ. ಸಾವಿಗೆ ಮಾತ್ರ ಬದಲಿ ಅಭ್ಯರ್ಥಿ. ರಾಜೀನಾಮೆಗೆ ಉಪಚುನಾವಣೆ, ಅದೂ ಮೂರು ತಿಂಗಳೊಳಗೆ. ರಾಜೀನಾಮೆ ಕೊಟ್ಟವರ ಪಕ್ಷ ಖರ್ಚಿನಲ್ಲಿ ಪಾಲು ಕೊಡಲಿ. ಅನರ್ಹತೆ ಆದರೆ ಗಂಗಾವತಿಯವರು ಹೇಳಿದ ಹಾಗೆ ಮೇಲ್ಮನವಿಗೆ ಸ್ವಲ್ಪ ಸಮಯ, ಆಮೇಲೆ ಚುನಾವಣೆ. ವಕೀಲರೇ, ಇದು ಕಾನೂನಿನಲ್ಲಿ ನಿಲ್ಲುತ್ತಾ?

ಕಪ್ಪುಕೋಟು ರಾಯಚೂರು

ಸಂವಿಧಾನದ 81ನೇ ವಿಧಿ ಲೋಕಸಭೆ ಸದಸ್ಯರು ಕ್ಷೇತ್ರಗಳಿಂದ ನೇರ ಚುನಾವಣೆಯಲ್ಲಿ ಆಯ್ಕೆಯಾಗಬೇಕು ಅನ್ನುತ್ತೆ. ಪಕ್ಷ ನೇಮಿಸೋದಾದರೆ ಸಂವಿಧಾನ ತಿದ್ದುಪಡಿ ಬೇಕು. ಅಮೆರಿಕದಲ್ಲೂ ಸೆನೆಟ್‌ನ ಖಾಲಿ ಜಾಗಕ್ಕೆ ಎಷ್ಟೋ ರಾಜ್ಯಗಳಲ್ಲಿ ಗವರ್ನರ್ ತಾತ್ಕಾಲಿಕವಾಗಿ ನೇಮಿಸ್ತಾರೆ. ಆದರೆ ಕೆಳಮನೆಗೆ ಚುನಾವಣೆ ಬಿಟ್ಟರೆ ಬೇರೆ ಬಾಗಿಲಿಲ್ಲ. ಮತಪತ್ರದಲ್ಲೇ ಬದಲಿ ಹೆಸರು ಇದ್ದರೆ ಅದೂ ನೇರ ಆಯ್ಕೆಯೇ ಅಂತ ವಾದ ಮಾಡಬಹುದು. ನಾನು ಮಾಡ್ತೀನಿ, ಗೆಲ್ತೀನಿ ಅಂತ ಭರವಸೆ ಕೊಡಲ್ಲ. ಮೂರು ತಿಂಗಳ ಗಡುವಿಗೆ 151ಎ ತಿದ್ದಿದರೆ ಸಾಕು. ನನ್ನ ಕೇಳಿದರೆ, ‘ಕಷ್ಟ’ ಅಂತ ಪ್ರಮಾಣಪತ್ರ ಕೊಡೋ ಅವಕಾಶಕ್ಕೆ ಮೊದಲು ಕತ್ತರಿ ಹಾಕಬೇಕು. ಕನಿಷ್ಠ ಕಾರಣವನ್ನ ಬರೆದು ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಲಿ.

ಪಕ್ಷದಿಂದ ವಸೂಲಿ ಅನ್ನೋದು ಕನಸು. ಪಕ್ಷೇತರರು ರಾಜೀನಾಮೆ ಕೊಟ್ಟರೆ ಯಾರ ಹತ್ತಿರ ಕೇಳ್ತೀರಿ?

ಮಸ್ಕಿ ಕಡೆಯವ

ಅನರ್ಹತೆಗೆ ಸಮಯ ಕೊಡೋದಾದರೆ ಅದಕ್ಕೂ ಒಂದು ಕೊನೆ ದಿನಾಂಕ ಇರಲಿ ಸರ್. ಕೋರ್ಟ್ ಅರ್ಜಿ ಮುಗಿಯೋವರೆಗೂ ಅಂದರೆ ನಾವು ಇನ್ನೊಂದು ಸಲ ಒಪ್ಪಲ್ಲ.

ದೇವದುರ್ಗದ ಮಗಳು

ಬದಲಿ ಹೆಸರು ಬರೆಯಿರಿ ಅಂದರೆ ಎಲ್ಲರೂ ಮಗ, ಹೆಂಡತಿ, ತಮ್ಮನ ಹೆಸರೇ ಬರೀತಾರೆ. ಬರೀಲಿ ಬಿಡಿ. ಮತ ಹಾಕೋಕೆ ಮುಂಚೆನೇ ಗೊತ್ತಾಗುತ್ತಲ್ಲ. ನಾನಂತೂ ಮೊದಲು ಎರಡನೇ ಹೆಸರು ಓದಿ, ಆಮೇಲೆ ಮೊದಲನೇದು ನೋಡ್ತೀನಿ.

ಕುಷ್ಟಗಿ ಹುಡುಗ

ಅಕ್ಕ, ಯಂತ್ರದಲ್ಲಿ ಎರಡು ಹೆಸರು, ಎರಡು ಫೋಟೋ ಹಿಡಿಸುತ್ತಾ? ಸೀಮೆಸುಣ್ಣ ಟೀಚರನ್ನ ಕೇಳಬೇಕು.

ಸೀಮೆಸುಣ್ಣ

ಹಿಡಿಸಬಹುದು. ಅಣಕು ಮತದಾನಕ್ಕೆ ಇನ್ನೊಂದು ಗಂಟೆ ಮುಂಚೆ ಎಬ್ಬಿಸಬೇಡಿ, ಅಷ್ಟು ಸಾಕು.